ಛೀಯಕ್ಕನ ನೆಗಡಿ

ಛೀಯಕ್ಕನ ಮೂಗಿನ ಬಗ್ಗೆ ಬೀದಿಯಲ್ಲಿ ಓಡಾಡುವ ಮಾತುಗಳಲ್ಲಿ ಅರ್ಧ ಸುಳ್ಳು. ಎದುರುಮನೆಯವರು ಮೀನು ತರೋಣವೆಂದು ಮನಸ್ಸಿನಲ್ಲಿ ಅಂದುಕೊಂಡ ಕೂಡಲೇ ಅವಳು ಕಿಟಕಿ ಮುಚ್ಚುತ್ತಾಳೆ ಎನ್ನುವುದು ಶುದ್ಧ ಸುಳ್ಳು. ಅವರು ಚೀಲ ಹಿಡಿದು ಮೆಟ್ಟಿಲಿಳಿದ ಮೇಲೆಯೇ ಮುಚ್ಚುವುದು. ಮದುವೆಯಾದ ಮೂರನೇ ದಿನ ಗಂಡನ ಬೂಟುಗಳನ್ನು ತಾರಸಿಗೆ ಗಡೀಪಾರು ಮಾಡಿದಳು ಎನ್ನುವುದೂ ಸುಳ್ಳು; ಮೊದಲನೇ ದಿನವೇ ಮಾಡಿದ್ದಳು. ಇಪ್ಪತ್ತೆರಡು ವರ್ಷಗಳಿಂದ ಆ ಬೂಟುಗಳ ವಂಶ ತಾರಸಿಯಲ್ಲೇ ಹುಟ್ಟಿ, ತಾರಸಿಯಲ್ಲೇ ಸವೆದು, ಅಲ್ಲೇ ಕಣ್ಣುಮುಚ್ಚುತ್ತ ಬಂದಿದೆ. ಗಂಡ ಬರಿಗಾಲಲ್ಲಿ ಮೇಲೆ ಹತ್ತಿ, ಬೂಟು ಹಾಕಿಕೊಂಡು, ಹೊರಗಿನ ಮೆಟ್ಟಿಲಿನಿಂದ ಇಳಿದು ಕೆಲಸಕ್ಕೆ ಹೋಗುತ್ತಾನೆ. ಪಾಪ, ಒಳ್ಳೆಯ ಮನುಷ್ಯ. ಅವನ ಕಾಲಿನ ಬಗ್ಗೆ ಮಾತ್ರ ಇದುವರೆಗೆ ಯಾರೂ ಒಳ್ಳೆಯ ಮಾತು ಆಡಿದ್ದಿಲ್ಲ.

ಮಾತಿಗೆ ಮೊದಲು ಒಂದು, ಮಾತು ಮುಗಿದ ಮೇಲೆ ಒಂದು, ಹೀಗೆ ದಿನಕ್ಕೆ ಕಮ್ಮಿಯೆಂದರೂ ನಾಲ್ಕುನೂರು ಸಲ ‘ಛೀ’ ಎನ್ನುವುದರಿಂದ ಅವಳು ಛೀಯಕ್ಕ. ಬೇರೆಯವರಿಗಾದರೆ ಇದು ಕಾಯಿಲೆ. ಅವಳಿಗೆ ಇದೇ ಹೊಟ್ಟೆಪಾಡು.

ಜನ ಮನೆಯಲ್ಲೇ ಕೂತು ಫೋನಿನಲ್ಲಿ ಒತ್ತಿ ತರಿಸಿಕೊಂಡು, ಮನಸ್ಸಿಗೆ ಒಪ್ಪದೆ ಹಿಂದಕ್ಕೆ ಕಳಿಸುವ ಸಾಮಾನೆಲ್ಲ ಬಂದು ಬೀಳುವ ಗೋದಾಮಿನಲ್ಲಿ ಅವಳಿಗೆ ಕೆಲಸ. ಉದ್ದನೆಯ ಕಬ್ಬಿಣದ ಮೇಜು, ತಲೆಯ ಮೇಲೆ ಬಿಳಿ ದೀಪ, ಎಡಕ್ಕೆ ಡಬ್ಬಗಳ ಗುಡ್ಡ, ಬಲಕ್ಕೆ ಮೂರು ಬುಟ್ಟಿ. ಡಬ್ಬ ಬಿಚ್ಚಬೇಕು, ನೋಡಬೇಕು, ಮೂಸಬೇಕು, ಚೀಟಿ ಅಂಟಿಸಬೇಕು. ಹಸಿರು ಚೀಟಿಯೆಂದರೆ ಹೊಸದರಂತಿದೆ, ಇನ್ನೊಬ್ಬರಿಗೆ ಕಳಿಸಬಹುದು. ಹಳದಿಯೆಂದರೆ ತೊಳೆದು ಒರೆಸಿ ನೋಡೋಣ. ಕೆಂಪೆಂದರೆ ಹಿತ್ತಲಿನ ಪುಡಿ ಮಾಡುವ ಯಂತ್ರದ ಬಾಯಿಗೆ. ಪ್ರತಿ ಚೀಟಿಯ ಮೇಲೂ ತಾರೀಖು, ಅಂಟಿಸಿದವರ ನಂಬರು. ಛೀಯಕ್ಕನದು ಏಳು. ಕಳಿಸಿದವರ ಹೆಸರು, ವಿಳಾಸವನ್ನು ಮಾತ್ರ ಬಾಗಿಲಲ್ಲೇ ಹರಿದುಹಾಕುತ್ತಿದ್ದರು. ಹಾಗಾಗಿ ಕೊಳೆ ಬರುತ್ತಿತ್ತು, ಕೊಳೆಯ ಒಡೆಯರು ಯಾರೆಂದು ಗೊತ್ತಾಗುತ್ತಿರಲಿಲ್ಲ.

ಮನುಷ್ಯಜಾತಿಯ ಮೇಲೆ ಯಾರಿಗಾದರೂ ಇನ್ನೂ ಪ್ರೀತಿ ಉಳಿದಿದ್ದರೆ ಆ ಮೇಜಿನ ಮುಂದೆ ಒಂದು ವಾರ ನಿಲ್ಲಬೇಕು. ‘ಒಂದು ಸಲವೂ ಬಳಸಿಲ್ಲ, ಬಣ್ಣ ಇಷ್ಟವಾಗಲಿಲ್ಲ’ ಎಂದು ಬರೆದು ಕಳಿಸಿದ ಟ್ರಿಮ್ಮರಿನ ಬಾಯಿ ಬಿಚ್ಚಿದರೆ ಕರಡಿಯೊಂದಕ್ಕೆ ಚಳಿಗಾಲದ ಅಂಗಿ ಹೊಲಿಸುವಷ್ಟು ಕೂದಲು ಸುರಿಯುತ್ತಿತ್ತು. ಕಿವಿಯೊಳಗಿಡುವ ಇಯರ್‌ಫೋನಿನ ತುದಿಯಲ್ಲಿ ಗುಗ್ಗೆ ಎಷ್ಟಿರುತ್ತಿತ್ತೆಂದರೆ ಅದಕ್ಕೆ ಬತ್ತಿಯಿಟ್ಟು ಹಚ್ಚಿದರೆ ಒಂದು ಸಂಜೆ ಕಳೆಯುತ್ತಿತ್ತು. ಕೀಬೋರ್ಡನ್ನು ತಲೆಕೆಳಗೆ ಮಾಡಿ ಎರಡು ತಟ್ಟು ತಟ್ಟಿದರೆ ಬಿಸ್ಕತ್ತಿನ ಪುಡಿ, ಉಗುರಿನ ಚೂರು, ತಲೆಹೊಟ್ಟು ಉದುರಿ, ಒಮ್ಮೊಮ್ಮೆ ಈ ಸಂಪತ್ತನ್ನೇ ನಂಬಿ ಸಂಸಾರ ಹೂಡಿದ್ದ ಜಿರಲೆಯೊಂದು ಮಕ್ಕಳುಮರಿ ಸಮೇತ ಹೊರಬಂದು ‘ಯಾರು ಬೇಕಿತ್ತು?’ ಎನ್ನುವಂತೆ ಮೀಸೆ ತಿರುವುತ್ತಿತ್ತು.

ಇಷ್ಟು ಹೇಸಿಗೆಯನ್ನು ಒಬ್ಬೊಬ್ಬರೇ ನುಂಗಿಕೊಳ್ಳುವುದು ಹೇಗೆ? ಅದಕ್ಕೇ ಗೋದಾಮಿನವರು ಫೋನಿನಲ್ಲಿ ‘ಇವತ್ತಿನ ಹೇಸಿಗೆ’ ಎಂಬ ಗುಂಪು ಕಟ್ಟಿಕೊಂಡಿದ್ದರು. ಮಧ್ಯಾಹ್ನ ಊಟದ ಗಂಟೆಗೆ ಮುಂಚೆ ಎಲ್ಲರೂ ಅಂದಿನ ಅತಿ ಹೊಲಸು ಸಾಮಾನಿನ ಫೋಟೊ ಹಾಕಿ, ಕೆಳಗೆ ಎರಡು ಸಾಲು ಬರೆಯಬೇಕು. ಎಲ್ಲರೂ ಮತ ಹಾಕಬೇಕು. ಗೆದ್ದವರಿಗೆ ಮರುದಿನ ಕೂದಲು ತುಂಬಿದ ಟ್ರಿಮ್ಮರುಗಳೇ ಬರುವ ಟ್ರಿಮ್ಮರ್ ಬುಟ್ಟಿಯಿಂದ ರಜೆ. ಹದಿನಾಲ್ಕು ತಿಂಗಳಲ್ಲಿ ಛೀಯಕ್ಕ ಟ್ರಿಮ್ಮರ್ ಬುಟ್ಟಿ ಮುಟ್ಟಿದ್ದು ಒಂಬತ್ತೇ ದಿನ. ಅವಳ ಫೋಟೊಗಳಿಗಿಂತ ಅವಳ ಎರಡು ಸಾಲುಗಳಿಗೆ ಮತ ಬೀಳುತ್ತಿತ್ತು. ಕಳಿಸಿದವರ ಜನ್ಮ ಜಾಲಾಡಿಬಿಡುತ್ತಿದ್ದಳು.

ಈ ಮೂಗು, ಈ ನಾಲಿಗೆ ಎರಡೂ ಅವಳಿಗೆ ಬಂದದ್ದು ಅತ್ತಿಗೆಯಿಂದ. ತಾಯಿ ಹೋದಾಗ ಛೀಯಕ್ಕನಿಗೆ ನಾಲ್ಕು ವರ್ಷ. ಹದಿನೆಂಟು ವರ್ಷ ದೊಡ್ಡವನಾದ ಅಣ್ಣನ ಹೆಂಡತಿಯೇ ಅವಳನ್ನು ಎತ್ತಿ, ಉಜ್ಜಿ, ತೊಳೆದು, ಒಣಹಾಕಿ ಬೆಳೆಸಿದಳು. ಅತ್ತಿಗೆ ಸೋಪನ್ನೂ ತೊಳೆದೇ ಬಳಸುವವಳು. ಬಾಳೆಹಣ್ಣನ್ನು ಸುಲಿಯುವ ಮೊದಲು ಒಂದು ಸಲ, ಸುಲಿದ ಮೇಲೆ ಒಂದು ಸಲ ತೊಳೆಯುವವಳು. ಮಳೆ ಬಂದರೆ ಅಂಗಳ ತೊಳೆಯಿತೆಂದು ಲೋಕವೆಲ್ಲ ಖುಷಿಪಟ್ಟರೆ, ಅತ್ತಿಗೆ ಮಾತ್ರ ಆ ಮಳೆ ಎಲ್ಲೆಲ್ಲಿ ಬಿದ್ದು ಬಂದಿದೆಯೋ ಎಂದು ಅಂಗಳವನ್ನು ಮತ್ತೊಮ್ಮೆ ತೊಳೆಯುವವಳು. ಈಗ ಅರುವತ್ತು ದಾಟಿದ ಮೇಲೆ ಅವಳಿಗೂ ಒಂದು ಫೋನು ಬಂದಿತ್ತು. ಅದನ್ನು ತೆಳು ಪ್ಲಾಸ್ಟಿಕ್ ಚೀಲದೊಳಗಿಟ್ಟು, ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಒತ್ತುತ್ತಿದ್ದಳು. ಎರಡು ಬಸ್ಸು ಬದಲಿಸಿ ಹೋಗುವಷ್ಟು ದೂರದಲ್ಲಿ ಅವರ ಮನೆ. ಆದರೆ ಮನೆಮಂದಿಯ ಗುಂಪಿನಲ್ಲಿ ದಿನ ಬೆಳಗಾದರೆ ಅತ್ತಿಗೆ ಹಾಜರು. ಬಟ್ಟೆ ಒಗೆಯುವ ಯಂತ್ರ ಹಾಡುವುದನ್ನು ನಿಲ್ಲಿಸುವುದು ಹೇಗೆ? ಟಿವಿ ರಿಮೋಟಿನ ಸಂದುಗಳಿಗೆ ಹಲ್ಲುಜ್ಜುವ ಬ್ರಶ್ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಗೋಡೆಗೆ ಹಚ್ಚುವ ಹಲ್ಲಿಯಂಥ ಈ ಕೊಕ್ಕೆ ಕಂಡುಹಿಡಿದವರು ಪುಣ್ಯವಂತರು.

ಅಷ್ಟರಲ್ಲಿ ಗೋದಾಮಿಗೆ ಕಣ್ಣುಪೆಟ್ಟಿಗೆ ಬಂತು. ಒಳಗೆ ಹನ್ನೆರಡು ಕ್ಯಾಮೆರಾ, ಸುತ್ತ ದೀಪ. ಸಾಮಾನು ಇಟ್ಟರೆ ತಾನೇ ತಿರುಗಿಸಿ ನೋಡಿ ಬಣ್ಣ ಹೇಳುತ್ತಿತ್ತು.

“ಒಂದು ತಿಂಗಳು ನೋಡೋಣ ಅಕ್ಕಾ,” ಎಂದ ಸೂಪರ್‌ವೈಸರ್. ಅವನು ಯಾವಾಗಲೂ ಕ್ಷಮೆ ಕೇಳುವ ದನಿಯಲ್ಲೇ ಕೆಟ್ಟ ಸುದ್ದಿ ಹೇಳುವವನು. “ನೀವೂ ಮಾಡಿ, ಅದೂ ಮಾಡ್ಲಿ. ಯಾರು ಹಸಿರು ಹಚ್ಚಿದ್ದು ಕೊಳಕು ಅಂತ ಹೆಚ್ಚು ವಾಪಸ್ ಬರುತ್ತೋ, ಅವರು ಮೇಜು ಬಿಡೋದು.”

“ಛೀ, ಅದಕ್ಕೆ ಮೂಗೆಲ್ಲಿದೆ?”

“ಇಲ್ಲ. ಆದ್ರೆ ಅದು ರಜಾನೂ ಹಾಕಲ್ಲ ನೋಡಿ.”

ಈ ಮಾತು ಕೇಳಿದ ಎಂಟನೇ ದಿನಕ್ಕೆ ಛೀಯಕ್ಕನಿಗೆ ನೆಗಡಿಯಾಯಿತು. ಅಂತಿಂಥ ನೆಗಡಿಯಲ್ಲ, ಮೂಗಿನ ಎರಡೂ ಹೊಳ್ಳೆಗೆ ಗಾರೆ ಹಾಕಿ ಮುಚ್ಚಿದಂಥ ನೆಗಡಿ. ಸೀನಿದರೆ ಮೂರನೇ ಮೇಜಿನ ಚೀಟಿಗಳು ಹಾರಿ ಐದನೇ ಮೇಜಿಗೆ ಅಂಟಿಕೊಳ್ಳುತ್ತಿದ್ದವು. ರಜೆ ಹಾಕಬೇಕಿತ್ತು. ಪೆಟ್ಟಿಗೆಗೆ ಸೋತಂತಾಗುತ್ತದಲ್ಲ ಎಂದು ಹಾಕಲಿಲ್ಲ. ಆ ದಿನ ಕಣ್ಣಲ್ಲೇ ನೋಡಿ, ಸುಮ್ಮನೆ ಶಾಸ್ತ್ರಕ್ಕೆ ಮೂಗಿನ ಹತ್ತಿರ ಹಿಡಿದು, ಅರುವತ್ತೆರಡು ಸಾಮಾನುಗಳಿಗೆ ಹಸಿರು ಚೀಟಿ ಹಚ್ಚಿದಳು. ಮೂಗು ರಾತ್ರಿ ಕಳೆಯುವಷ್ಟರಲ್ಲಿ ತೆರೆಯಿತು. ಆ ಅರುವತ್ತೆರಡನ್ನು ಅವಳು ಮರೆತೇಬಿಟ್ಟಳು.

ಇದಾಗಿ ಒಂದು ವಾರಕ್ಕೆ ಮನೆಮಂದಿಯ ಗುಂಪಿನಲ್ಲಿ ಅತ್ತಿಗೆಯ ಸಂಭ್ರಮ. ಅಣ್ಣನ ಉಳಿದಿದ್ದ ಹನ್ನೊಂದು ಹಲ್ಲುಗಳನ್ನೂ ದಂತವೈದ್ಯರು ಕಿತ್ತುಹಾಕಿದ್ದರು. ಹೊಸ ಹಲ್ಲಿನ ಸೆಟ್ಟು ಬರುವವರೆಗೆ ಅವನಿಗೆ ಬರೀ ನೀರಾಹಾರ. ಅದಕ್ಕೆಂದು ಚಾರ್ಜ್ ಮಾಡಿ ಬಳಸುವ, ಹೂಜಿಯಷ್ಟೇ ಎತ್ತರದ ಜ್ಯೂಸರ್ ಒಂದನ್ನು ಅತ್ತಿಗೆ ಫೋನಿನಲ್ಲಿ ತರಿಸಿದ್ದಳು. ‘ಗುಂಡಿ ಒತ್ತಿದರೆ ಬೆಕ್ಕಿನ ಹಾಗೆ ಗುರ್ ಅನ್ನುತ್ತೆ. ಎಷ್ಟು ಮುದ್ದಾಗಿದೆ ನೋಡಿ’ ಎಂದು ಮೂರು ಫೋಟೊ. ನಾಲ್ಕು ದಿನ ಕಳೆದ ಮೇಲೆ: ‘ದೀಪ ಒಂದು ಸಲ ಕೆಂಪು, ಒಂದು ಸಲ ನೀಲಿ. ಚಾರ್ಜ್ ಆಗುತ್ತಿಲ್ಲ. ಪುಸ್ತಕದ ಅಕ್ಷರ ಓದಲು ಇರುವೆಗಳನ್ನೇ ಕರೆಸಬೇಕು.’ ಯಾರೋ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ ಎಂದರು, ಯಾರೋ ವಾಪಸು ಕಳಿಸಿ ಎಂದರು. ಕಳಿಸಿದಳು. ಛೀಯಕ್ಕ ಇದನ್ನೆಲ್ಲ ಬಸ್ಸಿನಲ್ಲಿ ಓದಿ, ಒಂದು ನಗುವ ಮುಖ ಒತ್ತಿ ಸುಮ್ಮನಾದಳು. ಅಂಥ ಜ್ಯೂಸರುಗಳು ದಿನಕ್ಕೆ ಇಪ್ಪತ್ತು ಬರುತ್ತಿದ್ದವು.

ಆ ಗುರುವಾರ ಬಂದ ಇಪ್ಪತ್ತರಲ್ಲಿ ಒಂದರ ಡಬ್ಬ ಮಾತ್ರ ಒರೆಸಿ ಇಟ್ಟಂತಿತ್ತು. ಒಳಗೆ ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ನಡುವೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಪಟ್ಟಿ ಕಟ್ಟಿತ್ತು. ಲೋಟ ಕನ್ನಡಿಯಂತಿತ್ತು. ಛೀಯಕ್ಕ ಮುಚ್ಚಳ ತೆರೆದು ಮೂಗು ಹಿಡಿದಳು ಅಷ್ಟೇ. ನಾತ ಅವಳ ಹಣೆಗೆ ಹೊಡೆದು, ತಲೆ ಹಿಂದಕ್ಕೆ ಹೋಗಿ, ಎರಡು ಹೆಜ್ಜೆ ಹಿಂದೆ ನಿಂತಿದ್ದ ಫೋರ್ಕ್‌ಲಿಫ್ಟ್ ಓಡಿಸುವವನ ಗಲ್ಲಕ್ಕೆ ತಗುಲಿತು.

“ಏನಕ್ಕಾ, ಒಳಗೆ ಹೆಣ ಇದೆಯಾ?”

“ಹೆಣ ಆಗಿದ್ರೆ ಇಷ್ಟು ಹೊತ್ತಿಗೆ ಯಾರಾದ್ರೂ ಮಣ್ಣು ಮಾಡಿರೋರು. ಛೀ, ಆ ಚಿಮಟ ಕೊಡು.”

ಬ್ಲೇಡಿನ ಕೆಳಗೆ ನೀರು ಸೋರದಂತೆ ಒಂದು ರಬ್ಬರಿನ ಬಳೆ ಇರುತ್ತದೆ. ಅದು ಬಿಚ್ಚುತ್ತದೆಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಚಿಮಟದಲ್ಲಿ ಎಳೆದರೆ ಅದು ‘ಪಚ್’ ಎಂದು ಬಂತು. ಕೆಳಗೆ ಒಂದು ಬೇರೆಯೇ ಲೋಕ. ಹಸಿರು ಬೂಷ್ಟು, ಅದರ ಮೇಲೆ ಬಿಳಿ ಬೂಷ್ಟು, ಅದರ ಮೇಲೆ ಮೈಯೆಲ್ಲ ರೋಮವಿದ್ದ ಕರಿ ಬೂಷ್ಟು, ನಡುವೆ ಬಿಸಿಲಿಗಿಟ್ಟ ಗೋಂದಿನಂತೆ ನೂಲು ಬರುವ ಲೋಳೆ. ಯಾವ ಹಣ್ಣು ಎಂದು ಹೇಳಲು ಹಣ್ಣಿಗೇ ನಾಚಿಕೆಯಾಗಬೇಕು.

ಛೀಯಕ್ಕ ಬಳೆ, ಬೂಷ್ಟು, ಪಕ್ಕದಲ್ಲಿ ಆ ಬಿಳಿ ಪಟ್ಟಿ ಮೂರೂ ಕಾಣುವಂತೆ ಫೋಟೊ ತೆಗೆದಳು. ಕೆಳಗೆ ಬರೆದಳು: ‘ಹೊರಗೆ ಬಿಳಿ ಪಟ್ಟಿ, ಒಳಗೆ ಚರಂಡಿ. ಈ ಮನೆಯ ಹೆಂಗಸಿಗೆ ಕಣ್ಣೂ ಇಲ್ಲ, ಮೂಗೂ ಇಲ್ಲ. ಇವಳ ಕೈಯಲ್ಲಿ ನೀರು ಕುಡಿದು ಬದುಕಿರುವವರು ಕೈ ಎತ್ತಿ.’ ಆಮೇಲೆ ಕೆಂಪು ಚೀಟಿ ತೆಗೆದು ಜ್ಯೂಸರಿನ ತಳಕ್ಕೆ ಒತ್ತಿದಳು. ತಳದಲ್ಲಿ ಮೊದಲೇ ಒಂದು ಚೀಟಿ ಇತ್ತು. ಮೊದಲು ಹಳೆಯ ಚೀಟಿ ಓದಬೇಕೆಂದು ನಿಯಮವಿದೆ. ಆದರೆ ಹೇಸಿಗೆ ಎದುರಿಗಿದ್ದಾಗ ಅವಳಿಗೆ ಇನ್ನೇನೂ ಕಾಣದು. ಕೆಂಪನ್ನು ಅದರ ನೆತ್ತಿಯ ಮೇಲೆಯೇ ಒತ್ತಿ, ಬುಟ್ಟಿಗೆಸೆದು, ಕೈ ತೊಳೆದುಕೊಂಡಳು.

ಅವತ್ತು ಅವಳಿಗೆ ಬಿದ್ದಷ್ಟು ಮತ ಇದುವರೆಗೆ ಯಾರಿಗೂ ಬಿದ್ದಿರಲಿಲ್ಲ. ಇಬ್ಬರು ಊಟ ಬಿಟ್ಟರು. ಫೋರ್ಕ್‌ಲಿಫ್ಟಿನವನು ಖುಷಿ ತಡೆಯಲಾರದೆ ಫೋಟೊವನ್ನೂ ಎರಡು ಸಾಲನ್ನೂ ಹಾಗೇ ಎತ್ತಿ, ಲೋಕದವರೆಲ್ಲ ತಮ್ಮ ತಮ್ಮ ಮನೆಯ ವಿಚಿತ್ರಗಳನ್ನು ತಂದು ಸುರಿಯುವ ಯಾವುದೋ ಪುಟಕ್ಕೆ ಹಾಕಿದ. ಭಾನುವಾರದ ಹೊತ್ತಿಗೆ ಮೂರು ಲಕ್ಷ ಜನ ನೋಡಿ, ಅದರಲ್ಲಿ ಅರ್ಧ ಜನ ಉಗಿದಿದ್ದರು.

ಸೋಮವಾರದಿಂದ ಮನೆಮಂದಿಯ ಗುಂಪಿನಲ್ಲಿ ಅತ್ತಿಗೆ ಇಲ್ಲ. ಮಂಗಳವಾರವೂ ಇಲ್ಲ. ಬುಧವಾರ ಅಣ್ಣನ ಫೋನು ಬಂತು. ಹಲ್ಲಿಲ್ಲದ ಬಾಯಿಂದ ಮಾತಿಗಿಂತ ಗಾಳಿಯೇ ಹೆಚ್ಚು ಬರುತ್ತಿತ್ತು. “ಒಂದು ಸಲ ಬಂದು ಹೋಗು ಪುಟ್ಟಿ. ನಿಮ್ಮತ್ತಿಗೆ ಕೈಕಟ್ಟಿ ಕೂತುಬಿಟ್ಟಿದ್ದಾಳೆ.”

ಆ ಸಂಜೆಯೇ ಅಣ್ಣನ ಮನೆಗೆ ಹೋದ ಛೀಯಕ್ಕ ಬಾಗಿಲಲ್ಲೇ ನಿಂತಳು. ತಾನು ಬೆಳೆದ ಆ ಮನೆಯಲ್ಲಿ ಎಂದೂ ಇಲ್ಲದ ಒಂದು ವಾಸನೆ ಅಡುಗೆಮನೆಯಿಂದ ಬಂತು. ಸಿಂಕಿನಲ್ಲಿ ತಟ್ಟೆಗಳ ರಾಶಿ, ಅದರ ಮೇಲೆ ನೊಣಗಳ ಸಂತೆ, ಪಕ್ಕದಲ್ಲಿ ಅಂಗಡಿಯ ಊಟದ ಜಿಡ್ಡು ಡಬ್ಬಗಳು. ಅತ್ತಿಗೆ ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಯಾರದೋ ಸಾಮಾನಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಳು.

“ಅತ್ತಿಗೇ, ಇದೇನಿದು? ಅಡುಗೆಮನೆ ಯಾಕೆ ಹೀಗಿದೆ?”

“ಹೇಗಿದ್ರೆ ಏನಮ್ಮ. ನಾನು ತೊಳೆದ್ರೂ ಒಂದೇ, ತೊಳೀದಿದ್ರೂ ಒಂದೇ.” ಪ್ಲಾಸ್ಟಿಕ್ ಚೀಲವಿಲ್ಲದ ಫೋನನ್ನು ಅವಳೆಡೆಗೆ ಚಾಚಿದಳು. “ನಿನ್ನ ವಾರಗಿತ್ತಿ ಕಳಿಸಿದ್ಲು, ನಗೋಕೆ ಅಂತ. ನೋಡು. ನಂದೇ ಇದು.”

ಫೋಟೊ ನೋಡುವ ಅಗತ್ಯ ಛೀಯಕ್ಕನಿಗೆ ಇರಲಿಲ್ಲ. ಆದರೂ ನೋಡಿದಳು. ಆ ಬಿಳಿ ಪಟ್ಟಿ. ಶಾಲೆಗೆ ಹೋಗುವಾಗ ಅವಳ ಪೆನ್ಸಿಲ್ಲುಗಳನ್ನು, ಜಡೆಯನ್ನು, ಬುತ್ತಿಯನ್ನು ಕಟ್ಟುತ್ತಿದ್ದದ್ದು ಅದೇ ಗಂಟು.

“ಇಂಥ ಜ್ಯೂಸರ್ ಊರಲ್ಲಿ ಸಾವಿರ ಇವೆ ಅತ್ತಿಗೆ. ಇದು ನಿಮ್ಮದೇ ಅಂತ...”

“ನನ್ನ ಗಂಟು ನನಗೆ ಗೊತ್ತಾಗಲ್ವಾ? ಆ ಬಳೆ ಬಿಚ್ಚುತ್ತೆ ಅಂತಾನೇ ನನಗೆ ಗೊತ್ತಿರ್ಲಿಲ್ಲ ಕಣೇ. ನಾಲ್ಕು ದಿನ ಇದರಲ್ಲೇ ನಿಮ್ಮಣ್ಣನಿಗೆ ಕುಡಿಸಿದೀನಿ. ಎರಡು ದಿನ ಹೊಟ್ಟೆ ಕೆಟ್ಟು ಒದ್ದಾಡಿದ್ರು. ಹಲ್ಲು ಕಿತ್ತಿದ್ದಕ್ಕೆ ಅಂದ್ಕೊಂಡೆ.” ತನ್ನ ಅಂಗೈಗಳನ್ನು ಮಗುಚಿ ನೋಡಿದಳು. “ಬರೆದೋರು ಸರಿಯಾಗೇ ಬರೆದಿದ್ದಾರೆ. ಕಣ್ಣೂ ಇಲ್ಲ, ಮೂಗೂ ಇಲ್ಲ. ಇನ್ನು ಈ ಕೈಯಲ್ಲಿ ಯಾರಿಗೂ ಏನೂ ಮಾಡಿಕೊಡಬಾರ್ದು.”

ನಾಲ್ಕೇ ದಿನದಲ್ಲಿ ಅಷ್ಟು ಬೂಷ್ಟು ಬೆಳೆಯುವುದಿಲ್ಲವೆಂದು ಛೀಯಕ್ಕನಿಗೆ ಗೊತ್ತು. ಆ ಕರಿ ರೋಮ ಬರಲು ಒಂದು ತಿಂಗಳಾದರೂ ಬೇಕು. ಅಂದರೆ ಅತ್ತಿಗೆಯ ಮನೆಗೆ ಬರುವ ಮೊದಲೇ ಅದು ಇನ್ನೊಬ್ಬರ ಮನೆಯಲ್ಲಿ ಕೊಳೆತಿದೆ. ಯಾರೋ ಅದನ್ನು ಹಸಿರು ಮಾಡಿ ಕಳಿಸಿದ್ದಾರೆ. ಯಾರು ಎಂದು ಯೋಚಿಸುತ್ತಿದ್ದ ಹಾಗೆ ನೆಗಡಿಯ ದಿನ ನೆನಪಾಯಿತು.

“ಇದು ನಿಮ್ಮ ಕೊಳೆ ಅಲ್ಲ ಅತ್ತಿಗೆ. ಬರುವಾಗಲೇ ಇತ್ತು. ನಾಲ್ಕು ದಿನಕ್ಕೆ ಹಾಗೆಲ್ಲ ಬೆಳೆಯಲ್ಲ.”

“ಸಮಾಧಾನ ಮಾಡೋಕೆ ಬಂದ್ಯಾ? ನೀನು ಚಿಕ್ಕೋಳಿದ್ದಾಗ ನಾನೂ ಹೀಗೇ ಹೇಳ್ತಿದ್ದೆ, ಔಷಧಿ ಕಹಿಯಿಲ್ಲ ಪುಟ್ಟಿ ಅಂತ. ನಾಳೆಯಿಂದ ಅಡುಗೆಗೆ ಯಾರನ್ನಾದ್ರೂ ಗೊತ್ತು ಮಾಡು. ನನ್ನ ಕೈಲಿ ಆಗಲ್ಲ.”

“ಕಾಗದದಲ್ಲಿ ತೋರಿಸಿದ್ರೆ ನಂಬ್ತೀರಾ?”

ತಟ್ಟೆಯ ಮೇಲಿಂದ ಒಂದು ನೊಣ ಎದ್ದುಬಂದು ಅತ್ತಿಗೆಯ ಮಣಿಕಟ್ಟಿನ ಮೇಲೆ ಕೂತಿತು. ಅವಳು ಅದನ್ನು ಓಡಿಸಲಿಲ್ಲ. ಛೀಯಕ್ಕನಿಗೆ ಬೂಷ್ಟು ನೋಡಿದಾಗಲೂ ಅಷ್ಟು ಭಯವಾಗಿರಲಿಲ್ಲ.

ಮರುದಿನ ಗೋದಾಮಿಗೆ ಹೋದವಳೇ ಸೀದಾ ಹಿತ್ತಲಿಗೆ ನಡೆದಳು. ಕೆಂಪು ಬುಟ್ಟಿಗಳನ್ನೆಲ್ಲ ಅಲ್ಲಿ ಒಂದು ದೊಡ್ಡ ತೊಟ್ಟಿಗೆ ಸುರಿದಿದ್ದರು. ತಿಂಗಳಿಗೊಮ್ಮೆ, ಕೊನೆಯ ಶನಿವಾರ, ಪುಡಿ ಮಾಡುವ ಯಂತ್ರಕ್ಕೆ. ಛೀಯಕ್ಕ ಎರಡು ಜೊತೆ ಕೈಗವುಸು ಹಾಕಿ, ಉಸಿರು ಬಿಗಿಹಿಡಿದು ತೊಟ್ಟಿಯೊಳಗೆ ಇಳಿದಳು. ಕಾಲಡಿಯಲ್ಲಿ ಯಾರದೋ ಪಾದ ನೆನೆಸಿದ ಟಬ್ಬು, ಮೊಣಕಾಲಿಗೆ ಜೊಲ್ಲು ಒಣಗಿದ ಮಕ್ಕಳ ಮೈಕು, ಸೊಂಟದವರೆಗೆ ಬೆನ್ನು ತಿಕ್ಕುವ ಯಂತ್ರಗಳು. ಉಸಿರು ಎಷ್ಟು ಹೊತ್ತು ಬಿಗಿಹಿಡಿದಾಳು? ಒಂದು ಸಲ ಎಳೆದುಕೊಂಡಳು. ಆಮೇಲೆ ಹೊರಗೆ ತಲೆಹಾಕಿ ಬೆಳಗಿನ ತಿಂಡಿಯನ್ನು ನೆಲಕ್ಕೆ ಅರ್ಪಿಸಿ, ಬಾಯಿ ಒರೆಸಿಕೊಂಡು ಮತ್ತೆ ಇಳಿದಳು.

“ಅಕ್ಕಾ, ಏನು ಕಳ್ಕೊಂಡ್ರಿ? ಬಂಗಾರಾನಾ?” ಫೋರ್ಕ್‌ಲಿಫ್ಟಿನವನು ಮೇಲಿಂದ ಬಗ್ಗಿ ಕೇಳಿದ.

“ನೀನು ಲೋಕಕ್ಕೆಲ್ಲ ಹಂಚಿದ್ಯಲ್ಲ, ಅದನ್ನ. ನಿನ್ನ ಕೈ ಸೇದಿಹೋಗ.”

“ಬರೆದಿದ್ದು ನೀವೇ ಅಲ್ವಾ ಅಕ್ಕಾ?”

ಛೀಯಕ್ಕ ಮತ್ತೆ ಬಗ್ಗಿ ಕೆದಕಿದಳು. ಒಂದು ಗಂಟೆಯ ಮೇಲೆ ಜ್ಯೂಸರ್ ಸಿಕ್ಕಿತು. ತಳದ ಕೆಂಪು ಚೀಟಿಯನ್ನು ಉಗುರಿನಿಂದ ಎಬ್ಬಿಸಿದಳು. ಕೆಳಗೆ ಹಸಿರು. ನೆಗಡಿಯ ದಿನದ ತಾರೀಖು. ನಂಬರು ಏಳು.

ಇಷ್ಟು ಸಾಕಾಗಿರಲಿಲ್ಲ. ಅತ್ತಿಗೆಗೆ ಬೇಕಾದದ್ದು, ಇದೇ ಸಾಮಾನು ಮೊದಲು ಎಲ್ಲಿಂದ ಯಾವತ್ತು ಬಂತು, ಯಾರು ಪಾಸು ಮಾಡಿದರು, ಯಾವತ್ತು ಅವಳ ಮನೆಗೆ ಹೋಯಿತು ಎಂಬ ದಾಖಲೆ. ಅದು ಸೂಪರ್‌ವೈಸರಿನ ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಕೊಂಡವರು ‘ಕೊಳಕು ಬಂತು’ ಎಂದು ಬರೆಯದೆ ಇದ್ದದ್ದರಿಂದ ಈ ತಪ್ಪು ಯಾರ ಲೆಕ್ಕಕ್ಕೂ ಸೇರಿರಲಿಲ್ಲ. ಕೇಳದೆ ಸುಮ್ಮನಿದ್ದರೆ ಸೇರುವುದೂ ಇಲ್ಲ. ಪರೀಕ್ಷೆಯ ತಿಂಗಳು ಮುಗಿಯಲು ಎರಡು ದಿನ ಬಾಕಿ. ಅವಳು ಪೆಟ್ಟಿಗೆಗಿಂತ ಮುಂದಿದ್ದಳು. ಛೀಯಕ್ಕ ಸೂಪರ್‌ವೈಸರಿನ ಕೋಣೆಯ ಹೊರಗೆ ನಿಂತು ಕೈಗವುಸು ಬಿಚ್ಚಿದಳು, ಹಾಕಿದಳು, ಬಿಚ್ಚಿದಳು. ಆ ನೊಣ ನೆನಪಾಯಿತು. ಒಳಗೆ ಹೋದಳು.

ಸೂಪರ್‌ವೈಸರ್ ಎಲ್ಲ ಕೇಳಿಸಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದು ಜ್ಯೂಸರನ್ನೂ ನೋಡಿದ.

“ಇದನ್ನ ಯಾಕೆ ತೋರಿಸಿದ್ರಿ ಅಕ್ಕಾ? ನಾನು ನೋಡ್ಲಿಲ್ಲ, ನೀವು ಹೇಳ್ಲಿಲ್ಲ ಅಂತ ಇಟ್ಕೊಳ್ಳೋಣ.”

“ಪ್ರಿಂಟ್ ಬೇಕು. ಪ್ರಿಂಟ್ ಕೊಡಬೇಕಂದ್ರೆ ನೀವು ನೋಡ್ಲೇಬೇಕಲ್ಲ.”

“ಪ್ರಿಂಟ್ ತೆಗೆದ್ರೆ ತಪ್ಪು ನಿಮ್ಮ ನಂಬರಿಗೆ ಬೀಳುತ್ತೆ. ಅವತ್ತಿನ ಇನ್ನು ಅರುವತ್ತೊಂದು ಮನೆಗೂ ಫೋನ್ ಮಾಡಿ ವಾಪಸ್ ತರಿಸಬೇಕು.”

“ತರಿಸಿ. ಛೀ, ಅವರೂ ಕುಡೀತಿರ್ತಾರೆ.”

“ಮೇಜು ಹೋಗುತ್ತೆ ಅಕ್ಕಾ.”

“ಹೋಗ್ಲಿ, ಒತ್ತಿ.”

ಪ್ರಿಂಟರ್ ತನ್ನ ಜಾತಿಯ ಗುಣ ಬಿಡದೆ ಎರಡು ಸಲ ಕಾಗದ ಕಚ್ಚಿಕೊಂಡು, ಒಮ್ಮೆ ಮಸಿಯಿಲ್ಲವೆಂದು ಸುಳ್ಳು ಹೇಳಿ, ಮೂರನೇ ಸಲ ಸೂಪರ್‌ವೈಸರ್ ಗುದ್ದಿದ ಮೇಲೆ ಕೊಟ್ಟಿತು. ಸಂಜೆಗೆ ಕಣ್ಣುಪೆಟ್ಟಿಗೆಯನ್ನು ತಂದು ಅವಳ ಮೇಜಿನ ಮೇಲೆ ಕೂರಿಸಿದರು. ಛೀಯಕ್ಕನಿಗೆ ಟ್ರಿಮ್ಮರ್ ಬುಟ್ಟಿ ಕಾಯಂ ಆಯಿತು. ಅವಳು ‘ಇವತ್ತಿನ ಹೇಸಿಗೆ’ ಗುಂಪಿನಿಂದ ಹೊರಬಿದ್ದು, ಮೊದಲ ಬಸ್ಸು ಹತ್ತಿದಳು.

ಅತ್ತಿಗೆ ಕನ್ನಡಕ ಹಾಕಿಕೊಂಡು ಕಾಗದವನ್ನು ಮೂರು ಸಲ ಓದಿದಳು. ಅಣ್ಣ ಪಕ್ಕದಲ್ಲಿ ಗಲ್ಲಕ್ಕೆ ಕೈಕೊಟ್ಟು ಕೂತಿದ್ದ.

“ಹೋದ ತಿಂಗಳು ಇನ್ಯಾರೋ ವಾಪಸ್ ಕಳಿಸಿದ್ದು. ನಂಬರ್ ಏಳು ಪಾಸ್ ಮಾಡಿ ನಮ್ಮನೆಗೆ ಕಳಿಸಿದ್ದು,” ಅತ್ತಿಗೆ ನಿಧಾನವಾಗಿ ಬೆರಳಿಟ್ಟು ಹೇಳಿದಳು. “ಯಾವ ಮೂಗಿಲ್ಲದ ಮುಂಡೇದು ಈ ಏಳು?”

ಛೀಯಕ್ಕ ಕೈ ಎತ್ತಿದಳು.

“ನೀನಾ?”

“ನೆಗಡಿ ಆಗಿತ್ತು.”

“ಮತ್ತೆ ಆ ಎರಡು ಸಾಲು? ಅದನ್ನ ಬರೆದೋರು?”

ಛೀಯಕ್ಕ ಎತ್ತಿದ ಕೈಯನ್ನು ಇಳಿಸಲೇ ಇಲ್ಲ. ಅತ್ತಿಗೆ ಅವಳನ್ನು ನೋಡಿದ ನೋಟಕ್ಕೆ ಗೋಡೆಯ ಸುಣ್ಣ ಎರಡು ಪದರ ಉದುರಿತೆಂದು ಅಣ್ಣ ಈಗಲೂ ಆಣೆ ಮಾಡಿ ಹೇಳುತ್ತಾನೆ. ಆದರೆ ಬೈಗುಳ ಬರಲಿಲ್ಲ. ಅತ್ತಿಗೆಯ ಭುಜ ಮತ್ತೆ ಕೆಳಗಿಳಿಯಿತು.

“ಸರಿ, ಕೊಳೆ ನಂದಲ್ಲ. ಆದ್ರೆ ನಾಲ್ಕು ದಿನ ನನ್ನ ಮೂಗಿನ ಕೆಳಗೇ ಇತ್ತಲ್ಲೇ. ನಿನಗೆ ನೆಗಡಿ. ನನಗೇನಾಗಿತ್ತು? ಆ ಮಾತು ಸುಳ್ಳಾಗ್ಲಿಲ್ಲ ನೋಡು.”

ಇದನ್ನು ಛೀಯಕ್ಕ ಯೋಚಿಸಿರಲಿಲ್ಲ. ಕೆಲಸದ ಮೇಜು ಕೊಟ್ಟು ತಂದ ಕಾಗದ ಕೈಯಲ್ಲಿ ಬರೀ ಕಾಗದವಾಯಿತು.

“ನಿಮಗೆ ವಾಸನೆ ಬರಲೇ ಇಲ್ವಾ ಅತ್ತಿಗೆ? ಒಂಚೂರೂ?”

“ಜ್ಯೂ‍ಸರಿನಿಂದ ಬರಲಿಲ್ಲ.”

“ಮತ್ತೆ?”

ಅತ್ತಿಗೆ ಗಂಡನ ಕಡೆ ನೋಡಿದಳು, ನೆಲದ ಕಡೆ ನೋಡಿದಳು. “ಬಂತು, ಮೊದಲನೇ ದಿನವೇ. ಕೊಳೆತ ನಾತ. ಇವರು ಲೋಟ ತುಟಿಗಿಟ್ಟಾಗಲೇ ಬರ್ತಿತ್ತು. ನಾನು... ನಾನು ಅದು ಇವರ ಬಾಯಿ ಅಂದ್ಕೊಂಡೆ.”

ಅಣ್ಣ ಮೆಲ್ಲಗೆ ಎದ್ದು ನಿಂತ.

“ಅದಕ್ಕಾ?” ಎಂದ. ಗಾಳಿ, ಉಗುಳು, ಸಿಟ್ಟು ಮೂರೂ ಒಟ್ಟಿಗೆ ಹೊರಟವು. “ಅದಕ್ಕಾ ನನಗೆ ದಿನಕ್ಕೆ ಹನ್ನೊಂದು ಸಲ ಉಪ್ಪುನೀರು ಮುಕ್ಕಳಿಸೋಕೆ ಹೇಳಿದ್ದು? ಮುಕ್ಕಳಿಸಿ ಮುಕ್ಕಳಿಸಿ ನಾನು ಸಮುದ್ರ ಆಗಿಹೋದೆ! ರಾತ್ರಿ ಮಗ್ಗುಲು ಬದಲಿಸಿದ್ರೆ ಹೊಟ್ಟೆಯೊಳಗೆ ಅಲೆ ಹೊಡೀತಿತ್ತು! ಹಾಸಿಗೇನ ವರಾಂಡಕ್ಕೆ ಹಾಕಿದ್ದೂ ಅದಕ್ಕೇನಾ?”

“ನಾತ ಬರ್ತಿತ್ತು ಅಂದ್ನಲ್ಲ!” ಎಂದಳು ಅತ್ತಿಗೆ. ಆ ದನಿಯಲ್ಲಿ ಹಳೆಯ ಚೂಪು ಇತ್ತು. ತಾನು ಹೇಳಿದ್ದು ತನಗೇ ಕೇಳಿಸಿದಂತೆ ಗಕ್ಕನೆ ನಿಂತಳು. “ಬರ್ತಿತ್ತು ಕಣೇ. ಚೆನ್ನಾಗಿ ಬರ್ತಿತ್ತು. ಬಾಗಿಲಲ್ಲಿ ನಿಂತ್ರೂ ಬರ್ತಿತ್ತು.”

“ನಿಮ್ಮ ಮೂಗಿಗೆ ಏನೂ ಆಗಿಲ್ಲ ಅತ್ತಿಗೆ. ನೀವು ತಪ್ಪು ಡಬ್ಬಕ್ಕೆ ಚೀಟಿ ಹಚ್ಚಿದ್ರಿ ಅಷ್ಟೇ.”

“ನನ್ನನ್ನ ಡಬ್ಬ ಅಂತೀಯಾ?” ಎಂದ ಅಣ್ಣ.

ಅವನ ಮಾತು ಯಾರಿಗೂ ಕೇಳಿಸಲಿಲ್ಲ. ಅತ್ತಿಗೆಯ ಮೂಗಿನ ಹೊಳ್ಳೆಗಳು ಅರಳಿದ್ದವು. ಐದು ದಿನದಿಂದ ಅದೇ ಗಾಳಿಯಲ್ಲಿ ಕೂತಿದ್ದವಳು ಈಗ ಮೊದಲ ಸಲ ಉಸಿರೆಳೆದಂತೆ ಅಡುಗೆಮನೆಯ ಕಡೆ ತಿರುಗಿದಳು. ಮುಖ ಕಿವುಚಿಕೊಂಡಿತು. ಆಮೇಲೆ ಛೀಯಕ್ಕನ ಕಡೆ ತಿರುಗಿದಳು. ಮುಖ ಇನ್ನೂ ಕಿವುಚಿಕೊಂಡಿತು.

“ಥೂ! ಏನೇ ಇದು ನಿನ್ನ ಮೈಮೇಲೆ? ಎಲ್ಲಿ ಬಿದ್ದು ಹೊರಳಾಡಿ ಬಂದೆ?”

“ಕೆಂಪು ತೊಟ್ಟಿಗೆ ಇಳಿದಿದ್ದೆ. ನಾಳೆಯಿಂದ ಟ್ರಿಮ್ಮರ್ ಬುಟ್ಟಿ. ಮೇಜು ಹೋಯ್ತು.”

ಅತ್ತಿಗೆ ಒಂದು ಕ್ಷಣ ಅವಳನ್ನೇ ನೋಡಿದಳು. ಕೈಯಲ್ಲಿದ್ದ ಕಾಗದವನ್ನು ನೋಡಿದಳು. ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಮೇಜಿನ ಮೇಲಿಟ್ಟಳು.

“ಹಾಗಿದ್ರೆ ಅಲ್ಲೇ ನಿಂತಿರು. ಏನನ್ನೂ ಮುಟ್ಟಬೇಡ. ಮೊದಲು ಸ್ನಾನ, ಸೋಪನ್ನ ತೊಳೆದು ಮಾಡು. ಬಂದು ಆ ತಟ್ಟೆಗಳಿಗೆ ಕೈಹಾಕು. ನಾನು ಒಲೆ ಕಡೆ ನೋಡ್ಕೋತೀನಿ.”

ಆ ಸಂಜೆ ಛೀಯಕ್ಕ ಹದಿನೆಂಟು ತಟ್ಟೆ ತೊಳೆದಳು. ಅತ್ತಿಗೆ ಹದಿನೇಳನ್ನು ವಾಪಸು ಕಳಿಸಿದಳು. ಎರಡನೇ ಸುತ್ತಿನಲ್ಲಿ ಒಂಬತ್ತು, ಮೂರನೇ ಸುತ್ತಿನಲ್ಲಿ ನಾಲ್ಕು. ಪ್ರತಿ ತಟ್ಟೆಯನ್ನೂ ದೀಪಕ್ಕೆ ಹಿಡಿದು, ಮೂಗಿಗೆ ಹಿಡಿದು, “ಇದನ್ನ ತೊಳೆದಿದ್ದು ಅಂತಾರಾ? ಇದಕ್ಕೇ ನಿನ್ನ ಮೇಜು ಹೋಗಿದ್ದು” ಎನ್ನುತ್ತಿದ್ದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಕಿಟಕಿಗಳೆಲ್ಲ ತೆರೆದಿದ್ದವು.

ಅಣ್ಣ ಬಾಗಿಲಿಗೆ ಬಂದು ನಿಂತ. “ಎಲ್ಲರಿಗೂ ನ್ಯಾಯ ಸಿಕ್ಕಿತು. ನನ್ನ ಬಾಯಿಗೆ ಸುಮ್ಮನೆ ಅಪವಾದ ಹೊರಿಸಿದ್ದಕ್ಕೆ ಒಂದು ಮಾತು ಬೇಡ್ವಾ?”

ಅತ್ತಿಗೆ ಸೌಟು ಹಿಡಿದೇ ಅವನ ಹತ್ತಿರ ಹೋದಳು. “ಎಲ್ಲಿ, ಆ ಅನ್ನಿ.”

ಅಣ್ಣ ಆಸೆಯಿಂದ ಬಾಯಿ ತೆರೆದ. ಅತ್ತಿಗೆ ಬಗ್ಗಿ ಒಂದು ಸಲ ಮೂಸಿದಳು.

“ಆ ಜ್ಯೂಸರಿನದು ಬೇರೆ, ಇದು ಬೇರೆ,” ಎಂದು ಉಪ್ಪುನೀರಿನ ಲೋಟವನ್ನು ಅವನ ಕೈಗಿಟ್ಟಳು. “ಹೋಗಿ, ಮುಕ್ಕಳಿಸಿ ಬನ್ನಿ.”